ಹಲ್ಲು ಕಚ್ಚಿ ಹೇಳಿದ ಸ್ತೋತ್ರ

ಬಾಳಮ್ಮ ಆ ಚೀಟಿ ಬರೆಸಿದಾಗ ಅವಳ ಅತ್ತೆ ಇನ್ನೂರೈವತ್ತು ಕಿಲೋಮೀಟರು ದೂರದಲ್ಲಿದ್ದಳು. ಅಷ್ಟು ದೂರದಲ್ಲಿರುವವರನ್ನು ಪ್ರೀತಿಸುತ್ತೇನೆಂದು ಬರೆದುಕೊಡಲು ಯಾರ ಕೈಯೂ ನಡುಗುವುದಿಲ್ಲ.

ಅವಳ ಕುಟುಂಬ ದುಡಿಯಲು ಬಂದು ನೆಲೆಸಿದ್ದ, ಪಣಜಿ ಕಡೆಯ ಸಾಂಕೋಲೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ದೊಡ್ಡ ಹಾಲ್ ಒಂದರಲ್ಲಿ ಸೇರುತ್ತಿದ್ದ ಆ ಸಣ್ಣ ಸಭೆಯಲ್ಲಿ ಹಾಗೊಂದು ಪದ್ಧತಿ ಇತ್ತು. ವರ್ಷದ ಕೊನೆಯ ಆರಾಧನೆಗೆ ಬರುವಾಗ ಪ್ರತಿಯೊಬ್ಬರೂ ಹೊಸ ವರ್ಷದ ಒಂದು ತೀರ್ಮಾನವನ್ನು ಚೀಟಿಯಲ್ಲಿ ಬರೆದು ತಂದು ಡಬ್ಬಿಗೆ ಹಾಕಬೇಕು. ಪಾಸ್ಟರ್ ದಾನಿಯೇಲಪ್ಪ ಅವನ್ನು ಒಂದೊಂದಾಗಿ ಓದಿ ಪ್ರಾರ್ಥಿಸುತ್ತಿದ್ದರು. ಬಾಳಮ್ಮನಿಗೆ ಓದುಬರಹ ಬಾರದು. 2008ರ ಕೊನೆಯ ದಿನ ಮಧ್ಯಾಹ್ನ ಮಗಳು ಅಶ್ವಿನಿ ಪೆನ್ನು ಹಿಡಿದು ಕೂತಿದ್ದಳು.

"ಲಗೂ ಹೇಳವ್ವ. ನನಗ ಸೆಕೆಂಡ್ ಶಿಫ್ಟ್ ಐತಿ."

"ಏನ ಬರಸಲಿ? ಹ್ವಾದ ವರ್ಷ ಸುಳ್ಳ ಹೇಳೂದಿಲ್ಲ ಅಂತ ಬರಸಿದ್ದೆ."

"ಅದೇನಾತು?"

"ಜನವರಿ ಎರಡನೇ ತಾರೀಖಿಗೇ ಮುಗೀತು."

"ಹಂಗಾದ್ರ ಆಯಿ ಮ್ಯಾಲೆ ಬರಿಲೇನು? ಅಕಿ ಹೆಸರ ತಗದ್ರ ಸಾಕು, ನಿನ್ನ ಮುಖ ಬದಲಾಗತೈತಿ."

ಬಾಳಮ್ಮ ಕ್ಷಣ ಯೋಚಿಸಿದಳು. ದೀಕ್ಷಾಸ್ನಾನವಾಗಿ ಆರು ವರ್ಷವಾಗಿತ್ತು. ಕುಂಕುಮ ಬಿಟ್ಟಿದ್ದಳು, ಬೈಗುಳ ಬಿಟ್ಟಿದ್ದಳು, ಅಷ್ಟಿಷ್ಟು ಟೀವಿಯನ್ನೂ ಬಿಟ್ಟಿದ್ದಳು. ಅತ್ತೆಯ ಮೇಲಿನ ಸಿಟ್ಟೊಂದು ಎಲ್ಲೂ ಹೋಗಿರಲಿಲ್ಲ. "ಬರಿ," ಎಂದಳು. ಅಶ್ವಿನಿ ಚೆಂದದ ಅಕ್ಷರದಲ್ಲಿ ಬರೆದಳು: ಅತ್ತೆಯನ್ನು ಹೆತ್ತ ತಾಯಿಯಂತೆ ಪ್ರೀತಿಸುತ್ತೇನೆ.

ಎರಡು ವಾರ ಕಳೆದಿತ್ತಷ್ಟೆ. ಸಂಕ್ರಾಂತಿಯ ಮರುದಿನ ಊರಿನ ಕ್ರೂಸರ್ ಗಾಡಿಯೊಂದು ಗಲ್ಲಿಯ ತುದಿಯಲ್ಲಿ ನಿಂತಿತು. ಬಾಳಮ್ಮನ ಮೈದುನ ಗಂಗಪ್ಪ ಮತ್ತು ಡ್ರೈವರ್ ಸೇರಿ ಅತ್ತೆ ದ್ಯಾಮವ್ವನನ್ನು ಕೌದಿ ಸಮೇತ ಎತ್ತಿ ತಂದು ಹೊರಗಿನ ಖೋಲಿಯ ಮಂಚದ ಮೇಲೆ ಮಲಗಿಸಿದರು. ಮುದುಕಿ ಹಿತ್ತಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಬಾಗಲಕೋಟೆಯಲ್ಲಿ ಆಪರೇಶನ್ ಆಗಿತ್ತು, ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರು.

"ನಮ್ಮಾಕಿ ಒಲ್ಲೆ ಅಂತಾಳ ವೈನಿ," ಎಂದು ಗಂಗಪ್ಪ ನಿಂತಲ್ಲೇ ಹೇಳಿದ. ಅವನಿಗೆ ಕೂರುವ ಮನಸ್ಸೂ ಇರಲಿಲ್ಲ.

ಕುಂಕಳ್ಳಿಯಿಂದ ಮೊದಲ ಬಸ್ಸಿಗೇ ಬಂದಿದ್ದ ನಾದಿನಿ ಹುಲಿಗೆವ್ವನ ಕಡೆ ಬಾಳಮ್ಮ ತಿರುಗಿದಳು. "ಹುಲಿಗೆವ್ವ, ನೀ ಇಟಕೋಬಾರದೇನ? ನಿನ್ನ ಹಡದಾಕಿ."

"ನಂದು ಒಂದ ಖೋಲಿ ವೈನಿ. ನಮ್ಮನಿಯವರದು ರಾತ್ರಿ ಪಾಳಿ, ಹಗಲೆಲ್ಲಾ ಮನಗಿರತಾರ. ಮತ್ತ ನೀವು ಯೇಸುನ ಮಂದಿ. ಸಿಟ್ಟ ಮಾಡೂ ಹಂಗಿಲ್ಲ, ಒಲ್ಲೆ ಅನ್ನೂ ಹಂಗಿಲ್ಲ. ನೀ ಬರದೂ ಕೊಟ್ಟೀಯಂತಲ್ಲ, ಅಶ್ವಿನಿ ಫೋನಿನ್ಯಾಗ ಹೇಳಿದ್ಳು."

ಬಾಳಮ್ಮ ಮಗಳನ್ನು ನೋಡಿದಳು. ಮಗಳು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದಳು. ಗಂಡ ಪರಶು, ಕಟ್ಟಡದ ಕೆಲಸದಲ್ಲಿ ಹತ್ತು ಆಳುಗಳ ಮೇಲೆ ಕೂಗಾಡುವ ಗೌಂಡಿ, ಈಗ ಗೋಡೆಯ ಗಿಲಾವು ಪರೀಕ್ಷಿಸುತ್ತ ನಿಂತಿದ್ದ.

ಮಂಚದ ಮೇಲಿನಿಂದ ದ್ಯಾಮವ್ವ ಒಂದು ಕಣ್ಣು ತೆರೆದಳು. "ಕ್ರಿಸ್ತಾನರ ಮನ್ಯಾಗ ಸಾಯೂದ ನನ್ನ ಹಣ್ಯಾಗ ಬರದೈತಿ ನೋಡ್ರಿ."

"ಸಾಯೂದಿಲ್ಲ ಬಿಡ್ರಿ ಅತ್ತಿ. ಇನ್ನ ಭಾಳ ದಿನ ಅದಾವ ನಿಮ್ಮವು," ಎಂದಳು ಬಾಳಮ್ಮ. ಅದು ಹಾರೈಕೆಯಂತೆ ಅವಳ ಕಿವಿಗೇ ಕೇಳಲಿಲ್ಲ.

ಅಂದಿನಿಂದ ದಿನಗಳು ಹೀಗೆ. ನಸುಕಿನಲ್ಲಿ ನಳದ ನೀರು ತುಂಬುವುದು. ಮುದುಕಿಯನ್ನು ಮಗ್ಗಲು ಹೊರಳಿಸಿ ಒರೆಸಿ, ಹಾಸಿದ ಬಟ್ಟೆ ಬದಲಿಸಿ, ಬೆನ್ನಿಗೆ ಪೌಡರು ಹಚ್ಚುವುದು. ರೊಟ್ಟಿ ಬಡಿದು, ಪಲ್ಯ ಮಾಡಿ, ದಾಬೋಳಿಯ ಫ್ಲ್ಯಾಟುಗಳಿಗೆ ಪಾತ್ರೆ ತಿಕ್ಕಲು ಓಡುವುದು. ಮಧ್ಯಾಹ್ನ ಓಡುತ್ತಲೇ ವಾಪಸು ಬಂದು ಮತ್ತೆ ಹೊರಳಿಸಿ ಒರೆಸುವುದು. ಮೂರು ಮನೆಯ ಕೆಲಸದಲ್ಲಿ ಒಂದನ್ನು ಮೊದಲ ವಾರವೇ ಬಿಟ್ಟಳು.

"ನಿಮ್ಮವ್ವನ್ನ ಒಂದ ದಿನರ ನೀವು ಹೊರಳಸ್ರಿ," ಎಂದು ಗಂಡನಿಗೆ ಹೇಳಿದಳು.

"ಅದು ಹೆಣಮಕ್ಕಳ ಕೆಲಸ."

"ಪ್ರೀತಿ ಮಾಡೂದೂ ಹೆಣಮಕ್ಕಳ ಕೆಲಸೇನು?"

"ಚೀಟಿ ಬರಸಿದಾಕಿ ನೀ," ಎಂದ ಪರಶು. ಅವನ ಚೀಟಿಯಲ್ಲಿ ದಿನಾ ಮುಂಜಾನೆ ಹತ್ತು ನಿಮಿಷ ಪ್ರಾರ್ಥಿಸುತ್ತೇನೆ ಎಂದಿತ್ತು. ಹೆಂಡತಿ ಬಿಂದಿಗೆ ಹೊರುವಾಗ ಅವನು ಕಣ್ಣು ಮುಚ್ಚಿ ಅದನ್ನು ತಪ್ಪದೆ ನಡೆಸುತ್ತಿದ್ದ.

ಸಿಟ್ಟು ಬಂದಾಗ ಬಾಯಿಗೆ ಬಂದದ್ದನ್ನು ಆಡದೆ ದೇವರಿಗೆ "ಸ್ತೋತ್ರ" ಎನ್ನಬೇಕು, ಆಗ ಸಿಟ್ಟು ತಾನೇ ಇಳಿಯುತ್ತದೆ ಎಂದು ಪಾಸ್ಟರರ ಹೆಂಡತಿ ಹೇಳಿಕೊಟ್ಟಿದ್ದರು. ಬಾಳಮ್ಮ ಅದನ್ನು ಗಟ್ಟಿಯಾಗಿ ಹಿಡಿದಳು.

"ಈ ರೊಟ್ಟಿಗೆ ಸಿಮೆಂಟ್ ಹಾಕೀಯೇನ ಬಾಳಿ? ಗಂಡ ಗೌಂಡಿ ಅಂತ?"

"ಸ್ತೋತ್ರ."

"ಹಣಿ ಬೋಳಿಸಿಕೊಂಡ ಅಡ್ಡಾಡತಿ. ನನ್ನ ಮಗ ಇನ್ನ ಬದುಕ್ಯಾನ."

"ಸ್ತೋತ್ರ, ಸ್ತೋತ್ರ."

ಒಂದು ದಿನ ಸಂಜೆ ಎಲ್ಲರೂ ಊಟಕ್ಕೆ ಕೂತಾಗ ದ್ಯಾಮವ್ವ ಮಗನಿಗೆ ದೂರು ಕೊಟ್ಟಳು. "ನಿನ್ನ ಹೆಂಡ್ತಿ ಇವತ್ತ ನನಗ ಹದಿನಾಲ್ಕ ಸಲ ಬೈದಾಳ."

"ಏನಂತ ಬೈದ್ಳಬೇ?"

"ಸ್ತೋತ್ರ ಅಂತ."

ಅಶ್ವಿನಿ ಅನ್ನ ನೆತ್ತಿಗೇರಿ ಕೆಮ್ಮಿದಳು. "ಅದು ಬೈಗಳ ಅಲ್ಲ ಆಯಿ. ದೇವರಿಗೆ ಅನ್ನೂದು."

"ದೇವರಿಗೆ ಹಲ್ಲ ಕಡಕೊಂತ ಅಂತಾರೇನ? ಮೊದಲ ಬಾಯಿ ತುಂಬ ಬೈತಿದ್ಳು, ಅದ ಚಲೋ ಇತ್ತು. ಬೈದ ಮ್ಯಾಲೆ ಮುಗದಹೋಗತಿತ್ತು."

ಬಾಳಮ್ಮನಿಗೆ ಮೈಯೆಲ್ಲ ಉರಿಯಿತು. ಮುದುಕಿ ಹೇಳಿದ್ದು ಖರೆ ಎಂಬುದೇ ಆ ಉರಿಗೆ ಕಾರಣವಾಗಿತ್ತು.

ಫೆಬ್ರವರಿಯ ಮೊದಲ ಭಾನುವಾರ ಸಭೆಯಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನವಿತ್ತು. ಯಾರ ಮೇಲಾದರೂ ಹಗೆ ಇಟ್ಟುಕೊಂಡವರು ರೊಟ್ಟಿಯನ್ನೂ ಪಾತ್ರೆಯನ್ನೂ ಮುಟ್ಟಬಾರದೆಂದು ಪಾಸ್ಟರ್ ಪ್ರತಿಸಲ ಎಚ್ಚರಿಸುತ್ತಿದ್ದರು. ತಟ್ಟೆ ಬಂದಾಗ ಬಾಳಮ್ಮ ಅದನ್ನು ಪಕ್ಕದವಳಿಗೆ ದಾಟಿಸಿಬಿಟ್ಟಳು. ಅದು ಪಾಸ್ಟರರ ಕಣ್ಣಿಗೆ ಬಿತ್ತು. ಬುಧವಾರವೇ ಅವರು ಮನೆಗೆ ಬಂದರು.

ಬಂದವರು ಮುದುಕಿಯ ಹಾಸಿಗೆ ನೋಡಿದರು, ಬಿಳಿ ಚಾದರ ನೋಡಿದರು, ಬೆನ್ನಿಗೆ ಒಂದು ಹುಣ್ಣೂ ಆಗಿಲ್ಲವೆಂದು ಕೇಳಿ ಕಣ್ಣರಳಿಸಿದರು. "ಎಂಥಾ ಸೇವಾ ಸಹೋದರಿ! ಮಾರ್ಚ್ ಒಂದಕ್ಕ ಪಣಜಿಯಿಂದ ಹಿರಿಯರು ಬರ್ತಾರ. ಆವತ್ತ ನೀವು ಎಲ್ಲಾರ ಮುಂದ ನಿಂತು ದೇವರು ನಿಮ್ಮ ಕಡೆಯಿಂದ ಮಾಡಿಸಿದ್ದರ ಸಾಕ್ಷಿ ಹೇಳಬೇಕು."

"ಬ್ಯಾಡ್ರಿ ಪಾಸ್ಟರ್. ಕೈ ತೊಳೀತಾವ, ಒರಸತಾವ. ಒಳಗ ಏನೂ ಇಲ್ರಿ. ಅಕಿ ಮುಖ ನೋಡಿದ್ರ ಹೊಟ್ಟಿ ಉರೀತೈತಿ."

"ನಿಮ್ಮ ಸ್ವಂತ ಬಲದಿಂದ ಮಾಡಾಕ ಹೋದ್ರ ಹಂಗ ಆಕ್ಕೈತಿ."

"ಹಂಗಾದ್ರ ಯಾರ ಬಲದಾಗ ಮಾಡಲ್ರಿ?" ಬಾಳಮ್ಮನ ದನಿ ಏರಿತು. "ನಸುಕಿನ್ಯಾಗ ಅಕಿ ಹೊಲಸ ಬಳ್ಯಾಕ ನನ್ನ ಕೈ ಬಿಟ್ಟ ಬ್ಯಾರೆ ಯಾರ ಕೈನೂ ಬರೂದಿಲ್ಲ."

ಪಾಸ್ಟರ್ ಚಹಾದ ಕಪ್ಪು ಕೆಳಗಿಟ್ಟರು. ಅವರೂ ಒಳ್ಳೆಯ ಮನುಷ್ಯರೇ. "ಪ್ರಾರ್ಥನಾ ಮಾಡೋಣ," ಎಂದರು. ಪರಶು ಅವಸರದಿಂದ, "ಹೇಳ್ತಾಳ್ರಿ ಸಾಕ್ಷಿ, ಖಂಡಿತ ಹೇಳ್ತಾಳ," ಎಂದ.

ಮುಂದಿನ ವಾರದ ಕೊನೆಗೆ ಹುಲಿಗೆವ್ವನ ಫೋನ್ ಬಂತು. "ವೈನಿ, ಅವ್ವಗ ಎಲಬ ಲಗೂ ಕೂಡಬೇಕಂದ್ರ ಅಂಟಿನುಂಡಿ ಮಾಡಿಕೊಡು. ಬಾಣಂತ್ಯಾರಿಗೆ ಕೊಡತೀವಲ್ಲ, ಅದ."

ಬಾಳಮ್ಮ ಫೋನನ್ನು ಮಗಳ ಕೈಗಿಟ್ಟಳು.

ಹತ್ತೊಂಬತ್ತು ವರ್ಷದ ಹಿಂದೆ, ಊರಲ್ಲಿ, ಬಾಳಮ್ಮ ಅಶ್ವಿನಿಯನ್ನು ಹೆತ್ತಿದ್ದಳು. ಅವಳಿಗೆ ತವರು ಅಂತ ಯಾರೂ ಇರಲಿಲ್ಲ. ಬಾಣಂತನ ಅತ್ತೆಯ ಕೈಯಲ್ಲಿತ್ತು. ದ್ಯಾಮವ್ವ ಒಣಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು, ಬೆಲ್ಲ ಎಲ್ಲ ಹಾಕಿ ಒಂದು ಡಬ್ಬಿ ಉಂಡಿ ಕಟ್ಟಿದಳು. ಅದರ ಘಮ ಬಾಳಮ್ಮ ಮಲಗಿದ್ದ ಕತ್ತಲೆಕೋಣೆಯವರೆಗೂ ಬಂತು. ಅದೇ ತಿಂಗಳು ಹುಲಿಗೆವ್ವ ಗಂಡು ಹೆತ್ತಿದ್ದಳು. ಡಬ್ಬಿ ಹಾಗೆಯೇ ಹುಲಿಗೆವ್ವನ ಊರಿಗೆ ಹೋಯಿತು. "ಹೆಣ್ಣ ಹಡದಾಕಿಗೆ ಉಂಡಿ ಯಾಕ?" ಎಂದು ದ್ಯಾಮವ್ವ ಅಂಗಳದಲ್ಲಿ ನಿಂತು ಹೇಳಿದ್ದಳು. ಇಪ್ಪತ್ತನೆಯ ದಿನಕ್ಕೆ ಬಾಳಮ್ಮನ ಎದೆಹಾಲು ಬತ್ತಿತು. ಕೂಸು ಆಡಿನ ಹಾಲು ಕುಡಿದು ಬೆಳೆಯಿತು. ಹೊರಗಿನವರಿಗೆ ಇದು ಸಣ್ಣ ವಿಷಯ. ಬಾಳಮ್ಮನಿಗೆ ಮಾತ್ರ ಇದು ಒಂದು ದಿನವೂ ಸಣ್ಣದಾಗಿರಲಿಲ್ಲ.

ಮರುದಿನ ಅವಳು ವಾಸ್ಕೋದ ಅಂಗಡಿಯಿಂದ ಅಂಟು, ಕೊಬ್ಬರಿ, ಉತ್ತತ್ತಿ ತಂದಳು. ಪಕ್ಕದ ಮನೆಯ ಚಮನಬಿಯಿಂದ ದೊಡ್ಡ ಕಡಾಯಿ ಕೇಳಿ ತಂದಳು. ಅಂಟು ತುಪ್ಪದಲ್ಲಿ ಅರಳುವಾಗ ಕಣ್ಣಲ್ಲಿ ನೀರು ಬಂತು, ಹೊಗೆಗೆ ಎಂದುಕೊಂಡಳು. ಇಪ್ಪತ್ತೈದು ಉಂಡಿ ಕಟ್ಟಿದಳು. ಕಡಾಯಿ ವಾಪಸು ಕೊಡುವಾಗ ಚಮನಬಿಗೆ, "ಇವತ್ತ ಎಲ್ಲಾ ಬಿಟ್ಟಬಿಟ್ಟೆ ನೋಡ ತಂಗಿ. ಅಕಿ ನನಗ ಕೊಡದ್ದನ್ನ ನಾ ಅಕಿಗೆ ಕೊಟ್ಟೆ," ಎಂದಳು.

"ಚಲೋ ಆತ ಬಾಳಕ್ಕ. ಮನಸ ಹಗರ ಆತಿಲ್ಲೋ?"

"ಆಗೈತಿ," ಎಂದಳು ಬಾಳಮ್ಮ, ಸ್ವಲ್ಪ ಹೆಮ್ಮೆಯಿಂದಲೇ.

ದಿನಾ ಮುಂಜಾನೆ ಹಾಲಿನ ಜೊತೆ ಒಂದು ಉಂಡಿ ಕೊಟ್ಟಳು. "ಅಲ್ಲಿಟ್ಟ ಹೋಗ. ಹಲ್ಲಿಲ್ಲ ನನಗ, ಸಾವಕಾಶ ಚೀಪತೇನಿ," ಎನ್ನುತ್ತಿದ್ದಳು ದ್ಯಾಮವ್ವ. ಆ ಹನ್ನೊಂದು ದಿನ ಮನೆಯಲ್ಲಿ ಸ್ತೋತ್ರ ಕಡಿಮೆಯಾಯಿತು. ಸಾಕ್ಷಿಯಲ್ಲಿ ಉಂಡಿಯ ವಿಷಯವನ್ನೇ ಹೇಳಬಹುದೆಂದು ಬಾಳಮ್ಮ ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದ್ದಳು.

ಹನ್ನೊಂದನೆಯ ದಿನ, ಗುರುವಾರ, ಹುಲಿಗೆವ್ವ ತಾಯಿಯನ್ನು ನೋಡಲು ಬಂದಳು. ಬಾಳಮ್ಮ ಒಳಗೆ ಚಹಾ ಸೋಸಿ ಹೊರಗೆ ತಂದಾಗ ದ್ಯಾಮವ್ವ ಮಂಚ ಮತ್ತು ಗೋಡೆಯ ನಡುವಿನ ಸಂದಿಯಿಂದ ಹಳೇ ಸೀರೆಯ ತುಂಡಿನ ಗಂಟೊಂದನ್ನು ಎಳೆಯುತ್ತಿದ್ದಳು. ಗಂಟಿನಲ್ಲಿ ಹನ್ನೊಂದು ಉಂಡಿಗಳಿದ್ದವು. ಒಂದನ್ನೂ ಕಚ್ಚಿರಲಿಲ್ಲ.

"ನಿನ್ನ ಮಗಗ ತಗೊಂಡ ಹೋಗವ್ವ. ಫ್ಯಾಕ್ಟರ್ಯಾಗ ದುಡಿಯೂ ಕೂಸು, ಸೊರಗೈತಿ," ಎಂದು ಮಗಳ ಚೀಲದ ಬಾಯಿ ತೆಗೆಯುತ್ತಿದ್ದಳು.

ಬಾಳಮ್ಮನ ಕೈಯಿಂದ ಚಹಾದ ತಟ್ಟೆ ಬಿತ್ತು. ಅವಳು ಸ್ತೋತ್ರ ಎನ್ನಲಿಲ್ಲ. ಮೊದಲು ಮುದುಕಿಯ ಕೈಗೆ ಹೊಡೆದಳು. ಉಂಡಿಗಳು ಖೋಲಿಯ ತುಂಬ ಉರುಳಿದವು. ಆಮೇಲೆ ಕೆನ್ನೆಗೆ ಹೊಡೆದಳು, ಸದ್ದು ಗಲ್ಲಿಗೆ ಕೇಳುವಷ್ಟು ಜೋರಾಗಿ.

"ಅಯ್ಯಯ್ಯ! ಮುರದ ಮುದಕಿಗೆ ಹೊಡೀತೀಯ?" ಹುಲಿಗೆವ್ವ ಚೀರಿದಳು. "ಇದೇನ ನಿಮ್ಮ ಯೇಸು ಕಲಿಸಿದ್ದು?"

"ಅಂವ ಕಲಸ್ಯಾನ, ನಾ ಕಲ್ತಿಲ್ಲ! ಕರಕೊಂಡ ಹೋಗ ನಿಮ್ಮವ್ವನ್ನ. ಈಗ ಎತ್ತು, ಏಳು!"

ಹುಲಿಗೆವ್ವ ಬಸ್ಸಿನ ಹೊತ್ತಾಯಿತೆಂದು ಚೀಲ ಎತ್ತಿಕೊಂಡು ನಡೆದಳು. ದ್ಯಾಮವ್ವ ಕೆನ್ನೆ ಹಿಡಿದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು. ಬಾಳಮ್ಮ ನೆಲದ ಮೇಲೆ ಕೂತು ಉಂಡಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದಳು. ಅವಳಿಗೆ ನಾಚಿಕೆಯಾಗುತ್ತಿತ್ತು, ಆದರೆ ಸಿಟ್ಟು ಆ ನಾಚಿಕೆಗಿಂತ ದೊಡ್ಡದಿತ್ತು.

ಸಂಜೆ ಪರಶು ಕೆಲಸದಿಂದ ಬರುವಷ್ಟರಲ್ಲಿ ಗಲ್ಲಿಯೇ ಸುದ್ದಿ ಹೇಳಿತ್ತು. "ಭಾನುವಾರ ಸಾಕ್ಷಿ ಇಟಕೊಂಡ ಇವತ್ತ ಹೊಡೀತೀಯ? ನನ್ನ ಮಾನಾ ಏನಾಗಬೇಕು?"

"ನಿಮ್ಮವ್ವನ ಕೆನ್ನಿ ಏನಾತು ಅಂತ ಕೇಳಲಿಲ್ಲ ನೀವು. ಮಾನಾ ಕೇಳಿದ್ರಿ."

ಪರಶು ಮಂಚದ ಕಡೆ ನೋಡಿದ, ನೋಟ ತಿರುಗಿಸಿದ. "ಆದದ್ದಾತು. ಅದೊಂದ ಬಿಟ್ಟ ಉಳಿದದ್ದ ಹೇಳು."

"ಒಂದ ಉಂಡಿ ಸಲುವಾಗಿ ಹೊಡದಿ ಅವ್ವ?" ಎಂದು ಅಶ್ವಿನಿ ಒಳಗೆ ಬಂದು ಮೆಲ್ಲಗೆ ಕೇಳಿದಳು. ಬಾಳಮ್ಮ ಹಳೆಯದನ್ನೆಲ್ಲ ಹೇಳಿದಳು. "ನಿನ್ನ ಪಾಲಿನವು ಅವು," ಎಂದಳು ಕೊನೆಗೆ.

"ನಾ ಸತ್ತಿಲ್ಲಲ್ಲ ಅವ್ವ. ಐವತ್ತೆಂಟ ಕೇಜಿ ಅದೇನಿ."

ಬಾಳಮ್ಮನಿಗೆ ಮಗಳಿಗೂ ಒಂದು ಬಿಗಿಯಬೇಕೆನಿಸಿತು.

ಶುಕ್ರವಾರ, ಶನಿವಾರ ದ್ಯಾಮವ್ವ ಮಾತಾಡಲಿಲ್ಲ. ಬಾಳಮ್ಮ ಎಂದಿನಂತೆ ಹೊರಳಿಸಿದಳು, ಒರೆಸಿದಳು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಣಿಸಿದಳು. ಹೊಡೆದ ಕೈಯಿಂದಲೇ ಆ ಕೆನ್ನೆ ತೊಳೆಯಬೇಕಾಯಿತು. ಬೆರಳಿನ ಗುರುತು ಇನ್ನೂ ಮಾಸಿರಲಿಲ್ಲ. ತಪ್ಪಾಯಿತು ಎನ್ನಲು ಎರಡು ಸಲ ಬಾಯಿ ತೆರೆದಳು. ಹನ್ನೊಂದು ಉಂಡಿ ನೆನಪಾಗಿ ಎರಡು ಸಲವೂ ಮುಚ್ಚಿದಳು.

ಭಾನುವಾರ ಹಾಲ್ ತುಂಬಿತ್ತು. ಪಣಜಿಯ ಇಬ್ಬರು ಹಿರಿಯರು ಮುಂದಿನ ಕುರ್ಚಿಗಳಲ್ಲಿ ಕೂತಿದ್ದರು. "ನಮ್ಮ ಸಹೋದರಿ ಬಾಳಮ್ಮ ಪ್ರೀತಿ ಅಂದ್ರೇನಂತ ಮಾಡಿ ತೋರ್ಸ್ಯಾರ," ಎಂದು ಪಾಸ್ಟರ್ ಕರೆದರು. ಬಾಳಮ್ಮ ಸೆರಗು ಹೊದ್ದು ಎದ್ದು ನಿಂತಳು. ಪರಶು ಎರಡನೆಯ ಸಾಲಿನಿಂದ ತಲೆ ಆಡಿಸಿ ಧೈರ್ಯ ಹೇಳಿದ.

"ಗುರುವಾರ ನಮ್ಮತ್ತಿಗೆ ಹೊಡದೇನ್ರಿ," ಎಂದಳು.

ಎರಡನೆಯ ಸಾಲಿನಲ್ಲಿ ಪರಶುವಿನ ತಲೆಯಾಟ ನಿಂತಿತು.

"ಎದ್ದ ಕುಂದ್ರಾಕ ಬರದಾಕಿಗೆ ಹೊಡದೆ. ಪ್ರೀತಿ ಮಾಡತೇನಿ ಅಂತ ಚೀಟಿ ಬರಸಿದ್ದೆ. ಎರಡ ತಿಂಗಳ ಹೆಣಗಾಡಿದೆ. ಉಪಾಸ ಮಾಡಿದೆ, ಸ್ತೋತ್ರ ಅಂದೆ, ಉಂಡಿ ಕಟ್ಟಿದೆ. ಆಗಲಿಲ್ರಿ. ಇಂದಿಗೂ ಅಕಿ ಮ್ಯಾಲೆ ಸಿಟ್ಟ ಐತಿ. ನಾಳೆ ಮುಂಜಾನೆ ಮತ್ತ ತೊಳೀತೇನಿ, ಆದ್ರ ಸಿಟ್ಟ ಇರತೈತಿ. ನನ್ನ ಕೈಲೆ ಆಗೂದಿಲ್ರಿ. ಇಷ್ಟ ನನ್ನ ಸಾಕ್ಷಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿರಿಯರಲ್ಲೊಬ್ಬರು ಗಡಿಯಾರ ನೋಡಿಕೊಂಡರು. ಪಾಸ್ಟರ್ ಹಾಡು ಎತ್ತಿಸಿದರು. ರೊಟ್ಟಿಯ ತಟ್ಟೆ ಬಂತು. ಬಾಳಮ್ಮನ ಕೈ ಸ್ವಲ್ಪ ಎದ್ದಿತು, ಮತ್ತೆ ಮಡಿಲಿಗೆ ಬಿತ್ತು. ತಟ್ಟೆ ಮುಂದೆ ಹೋಯಿತು. ಅವಳಿಗೆ ಜೋರಾಗಿ ಅಳಬೇಕೆನಿಸಿತು.

ದಾರಿಯುದ್ದಕ್ಕೂ ಪರಶು ಹತ್ತು ಹೆಜ್ಜೆ ಮುಂದೆ ನಡೆದ. ಮನೆಯಲ್ಲಿ ಅಜ್ಜಿಯ ಹತ್ತಿರ ಕೂತಿದ್ದ ಅಶ್ವಿನಿ ತಂದೆಯ ಮುಖ ನೋಡಿ ನೀರು ತರುವ ನೆಪ ಮಾಡಿ ಹೊರಗೆ ಹೋದಳು. ಪರಶು ಅಂಗಳದಲ್ಲೇ ಕೂತ. ಬಾಳಮ್ಮ ಒಳಗೆ ಬಂದು ಮುದುಕಿಗೆ ಅನ್ನ ಕಲಸತೊಡಗಿದಳು.

"ಏನ ಹೇಳಿದಿ ಅಲ್ಲಿ?" ಮೂರು ದಿನದ ಮೇಲೆ ದ್ಯಾಮವ್ವನ ಮೊದಲ ಮಾತು.

"ನಿಮಗ ಹೊಡದದ್ದ ಹೇಳಿದೆ."

"ಅಷ್ಟ ಮಂದಿ ಮುಂದ?"

"ಹೂಂ."

"ಉಂಡಿ ಡಬ್ಬಿ ಹುಲಿಗಿಗೆ ಕಳಿಸಿದ್ದು? ಆವಾಗಿಂದು? ಅದನ್ನೂ ಹೇಳಿದಿಯೇನ?"

ಬಾಳಮ್ಮನ ಕೈ ಅನ್ನದಲ್ಲೇ ನಿಂತಿತು. ಮುದುಕಿಗೆ ಅದು ನೆನಪೇ ಇಲ್ಲವೆಂದು ಅವಳು ಹತ್ತೊಂಬತ್ತು ವರ್ಷ ತಿಳಿದಿದ್ದಳು. "ಇಲ್ಲ," ಎಂದಳು.

"ಯಾಕ ಹೇಳಲಿಲ್ಲ?"

"ಅದು ನೀವು ಹೇಳೂ ಸಾಕ್ಷಿ. ನಂದಲ್ಲ."

"ಆವಾಗ ನಿನಗೂ ನಾಕ ಕೊಡಬೇಕಿತ್ತ," ಎಂದಳು ದ್ಯಾಮವ್ವ, ಗೋಡೆಗೆ ಹೇಳುವಂತೆ.

"ನಾಕ ಅಲ್ಲ. ಅರ್ಧ ಡಬ್ಬಿ."

"ಆತ, ಅರ್ಧ ಡಬ್ಬಿ. ಅದನ್ನ ಇಲ್ಲಿ ತಾ."

ಬಾಳಮ್ಮ ಡಬ್ಬಿ ತಂದು ಮಂಚದ ಮೇಲೆ ಕುಕ್ಕಿದಳು. ದ್ಯಾಮವ್ವ ಒಂದು ಉಂಡಿ ತೆಗೆದು, ಎರಡೂ ಕೈಯಿಂದ ಹೆಣಗಾಡಿ ಮುರಿದಳು. ಅರ್ಧ ತಾನು ಬಾಯಿಗೆ ಹಾಕಿಕೊಂಡು ಇನ್ನರ್ಧವನ್ನು ಸೊಸೆಯ ಕಡೆ ಚಾಚಿದಳು.

"ತಗೋ."

"ನನ್ನ ಸಿಟ್ಟ ಹೋಗಿಲ್ರಿ ಅತ್ತಿ. ಇದ್ದಂಗ ಐತಿ."

"ಇದ್ರ ಇರ್ಲಿ. ತಿನ್ನು."

ಬಾಳಮ್ಮ ಬಹಳ ಹೊತ್ತು ಆ ಕೈಯನ್ನೇ ನೋಡಿದಳು. ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಇಬ್ಬರೂ ಅಗಿದರು. ಒಬ್ಬಳು ಹಲ್ಲಿನಿಂದ, ಇನ್ನೊಬ್ಬಳು ವಸಡಿನಿಂದ.

ಕೊನೆಗೆ ದ್ಯಾಮವ್ವ ಮುಖ ಕಿವಿಚಿದಳು. "ಪಾಕ ಕೆಡಿಸಿದಿ. ಕಲ್ಲಾಗ್ಯಾವ. ಉಂಡಿ ಕಟ್ಟಾಕೂ ಬರೂದಿಲ್ಲ ನಿನಗ."

"ಸ್ತೋತ್ರ!" ಎಂದಳು ಬಾಳಮ್ಮ, ಬಾಯಿ ತುಂಬ ಉಂಡಿ ಇಟ್ಟುಕೊಂಡು, ಹಲ್ಲು ಕಚ್ಚಿ.

"ಬೈ, ಬೈ," ಎಂದಳು ಮುದುಕಿ, ಡಬ್ಬಿಯಿಂದ ಇನ್ನೊಂದನ್ನು ಆರಿಸುತ್ತ.